ರೋಡ್ ಬೈಕಾ, ಹೈಬ್ರಿಡ್ಡಾ? ಮೊದಲು ನಿಮ್ಮ ರಸ್ತೆ ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ ಮೇಲಿವೆ. ಹಾಗಾಗಿ ಮಂಡ್ಯದ ಓದುಗರ ಪತ್ರಕ್ಕೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಉಳಿದವರೂ ಅದನ್ನು ಓದಿಕೊಳ್ಳಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೈಕ್ ಅಂದರೆ ನಮ್ಮಲ್ಲಿ ಮೋಟಾರ್ ಬೈಕು. ಇಲ್ಲಿ ಹೇಳುತ್ತಿರುವ ರೋಡ್ ಬೈಕ್, ಹೈಬ್ರಿಡ್ ಎರಡೂ ಪೆಡಲ್ ತುಳಿಯುವ ಸೈಕಲ್ಲುಗಳೇ. ರೋಡ್ ಬೈಕ್ ಅಂದರೆ ಬಾಗಿದ ಹ್ಯಾಂಡಲ್, ಸಪೂರ ಟೈರಿನದು. ಹೈಬ್ರಿಡ್ ಅಂದರೆ ನೇರ ಹ್ಯಾಂಡಲ್, ಸ್ವಲ್ಪ ದಪ್ಪ ಟೈರಿನದು.

ಪ್ರಶ್ನೆ: ಮೇಷ್ಟ್ರೇ, ನನಗೆ 43 ವರ್ಷ. ಕಾಲೇಜಿನಲ್ಲಿ ಉಪನ್ಯಾಸಕ. ಎತ್ತರ 5 ಅಡಿ 7 ಅಂಗುಲ, ತೂಕ 86 ಕೆ.ಜಿ. ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ಎಂಟು ತಿಂಗಳಿಂದ ಮಗನ ಹಳೇ ದಪ್ಪ ಟೈರಿನ ಸೈಕಲ್ ತುಳಿಯುತ್ತಿದ್ದೇನೆ. ವಾರದ ದಿನಗಳಲ್ಲಿ ನಾಲೆ ಏರಿಯ ಮೇಲೆ, ಭಾನುವಾರ ಮೂವರು ಗೆಳೆಯರ ಜೊತೆ ಶ್ರೀರಂಗಪಟ್ಟಣದ ಕಡೆ. ಅವರೆಲ್ಲರದೂ ರೋಡ್ ಬೈಕ್. ಯಲಿಯೂರು ದಾಟುವಷ್ಟರಲ್ಲಿ ಕಣ್ಣಿಗೇ ಕಾಣುವುದಿಲ್ಲ. ರೋಡ್ ಬೈಕ್ ತಗೊಂಡರೆ ವೇಗವೂ ಬರುತ್ತೆ, ಮೈಯೂ ಬೇಗ ಇಳಿಯುತ್ತೆ ಅಂತಾರೆ. ಅಂಗಡಿಯವರು ಹೈಬ್ರಿಡ್ ತಗೊಳ್ಳಿ ಅಂತಾರೆ. ಆಗಾಗ ಸೊಂಟ ಹಿಡಿಯುತ್ತದೆ. ಕೈಯಲ್ಲಿ 40 ಸಾವಿರ ಇದೆ. ಮುಂದೆ ಮೇಲುಕೋಟೆ ಹತ್ತುವ ಆಸೆಯೂ ಇದೆ. ಯಾರ ಮಾತು ಕೇಳಲಿ?
(ಓದುಗರು, ಮಂಡ್ಯ)

ಉತ್ತರ: ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ರೋಡ್ ಬೈಕ್ ವೇಗವಾಗಿ ಹೋಗುತ್ತದೆ, ಅದರಲ್ಲಿ ಅನುಮಾನ ಬೇಡ. ಮೈ ಇಳಿಯುವ ಮಾತು ಬೇರೆ. ಮೊದಲು ವೇಗದ ಲೆಕ್ಕ ಮುಗಿಸೋಣ.

ಅಂಗಡಿಯಲ್ಲಿ ರೋಡ್ ಬೈಕ್ ಕಂಡವರೆಲ್ಲ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಾರೆ. 'ಅಬ್ಬಾ, ಎಷ್ಟು ಹಗುರ' ಅಂತಾರೆ. ನಿಮ್ಮ ದುಡ್ಡಿಗೆ ಬರುವ ರೋಡ್ ಬೈಕ್ 10–11 ಕೆ.ಜಿ. ಇರಬಹುದು, ಹೈಬ್ರಿಡ್ 12–14. ಈ ಎರಡು ಮೂರು ಕೆ.ಜಿ. ಏರಿನಲ್ಲಿ ಗೊತ್ತಾಗುತ್ತದೆ, ಮಟ್ಟಸ ರಸ್ತೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಹ್ಯಾಂಡಲ್. ಹೈಬ್ರಿಡ್‌ನ ಹ್ಯಾಂಡಲ್ ನೇರ, ಅಗಲ, ಎತ್ತರ. ಎದೆ ಎತ್ತಿ ಕೂರುತ್ತೇವೆ, ಮುಚ್ಚಿದ ಬಾಗಿಲಿನ ಹಾಗೆ ಮೈ ಗಾಳಿಗೆ ಅಡ್ಡ ನಿಲ್ಲುತ್ತದೆ. ರೋಡ್ ಬೈಕ್‌ನ ಹ್ಯಾಂಡಲ್ ಟಗರಿನ ಕೊಂಬಿನಂತೆ ಮುಂದೆ ಹೋಗಿ ಕೆಳಕ್ಕೆ ಸುತ್ತಿಕೊಂಡಿರುತ್ತದೆ. ಅದನ್ನು ಹಿಡಿದರೆ ಬೆನ್ನು ತಾನಾಗಿಯೇ ಬಾಗುತ್ತದೆ, ಭುಜ ಒಳಕ್ಕೆ ಬರುತ್ತದೆ.

ಗಂಟೆಗೆ 12–15 ಕಿ.ಮೀ. ವೇಗದಲ್ಲಿ ಗಾಳಿ ಅಷ್ಟಾಗಿ ಕಾಡುವುದಿಲ್ಲ. 25 ದಾಟಿದ ಮೇಲೆ ಮಟ್ಟಸ ರಸ್ತೆಯಲ್ಲಿ ನಿಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸರಿಸುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟು ಮಾಡಬೇಕಾದರೆ ಗಾಳಿಯ ಎದುರು ಎಂಟು ಪಟ್ಟು ಶಕ್ತಿ ಬೇಕು. ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಸೈಕಲ್ಲಿನ ಪಾಲು ಸ್ವಲ್ಪ, ದೊಡ್ಡ ಪಾಲು ನಮ್ಮ ಮೈಯದೇ.

ಇದಕ್ಕೆ ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಕತೆ ಒಂದಿದೆ. ಕ್ರಿಸ್ ಬೋರ್ಡ್‌ಮನ್ ಅಂತ ಇಂಗ್ಲೆಂಡಿನ ಸೈಕಲ್ ಪಟು, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಹುದು ಅನ್ನುವುದಕ್ಕೆ ಸೈಕಲ್ ಲೋಕದಲ್ಲಿ ಒಂದು ದಾಖಲೆ ಇದೆ. 1996ರಲ್ಲಿ ಮ್ಯಾಂಚೆಸ್ಟರ್‌ನ ಟ್ರ್ಯಾಕ್‌ನಲ್ಲಿ ಅವರು ಎರಡೂ ಕೈ ಮುಂದಕ್ಕೆ ನೆಟ್ಟಗೆ ಚಾಚಿ, ಹಾರುವವರ ಹಾಗೆ ಮಲಗಿಕೊಂಡು 56.375 ಕಿ.ಮೀ. ತುಳಿದರು. ಆಮೇಲೆ ನಿಯಮ ಬದಲಾಯಿತು. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಇದೇ ದಾಖಲೆಗೆ ತುಳಿದ ಮಾದರಿಯ ಸಾದಾ ಸೈಕಲ್ಲು, ಬಾಗಿದ ಹ್ಯಾಂಡಲ್ ಮಾತ್ರ ಸರಿ ಅಂದರು. 2000ದಲ್ಲಿ ಅದೇ ಬೋರ್ಡ್‌ಮನ್ ಅದೇ ಊರಿನಲ್ಲಿ ಮತ್ತೆ ತುಳಿದರು. ಬಂದದ್ದು 49.441 ಕಿ.ಮೀ. ಮರ್ಕ್ಸ್ ಅವರ 49.431ಕ್ಕಿಂತ ಬರೀ ಹತ್ತು ಮೀಟರ್ ಜಾಸ್ತಿ! ನಾಲ್ಕು ವರ್ಷ ವಯಸ್ಸಾಗಿತ್ತು, ಚಕ್ರ, ಹೆಲ್ಮೆಟ್ ಬೇರೆ ಆಗಿದ್ದವು, ನಿಜ. ಆದರೂ ಒಬ್ಬನೇ ಮನುಷ್ಯನಿಗೆ ಸುಮಾರು ಏಳು ಕಿ.ಮೀ. ವ್ಯತ್ಯಾಸ. ಅದರಲ್ಲಿ ದೊಡ್ಡ ಪಾಲು ಮೈ ಬಗ್ಗಿಸಿದ ರೀತಿಯದು.

ನಮ್ಮಂಥವರಿಗೆ ಎಷ್ಟು ವ್ಯತ್ಯಾಸ ಬರುತ್ತದೆ? ನನ್ನ ಹತ್ತಿರ ಎರಡೂ ಇವೆ. ಮೈಸೂರಿನ ಮೇಟಗಳ್ಳಿ ಕಡೆ ನಮ್ಮ ಮನೆ. ಅಲ್ಲಿಂದ ಕೆ.ಆರ್.ಎಸ್. ರಸ್ತೆಯಲ್ಲಿ ಹೋಗಿ ಬಂದರೆ ನನ್ನ ಸುತ್ತು 31 ಕಿ.ಮೀ. ಕಳೆದ ಮಾಘದಲ್ಲಿ ಎರಡು ಭಾನುವಾರ, ಬೆಳಿಗ್ಗೆ ಆರಕ್ಕೆ, ಎದೆಬಡಿತ ನಿಮಿಷಕ್ಕೆ 130–135 ದಾಟದಂತೆ ನೋಡಿಕೊಂಡು ತುಳಿದೆ. ಹೈಬ್ರಿಡ್‌ನಲ್ಲಿ 1 ಗಂಟೆ 22 ನಿಮಿಷ. ರೋಡ್ ಬೈಕ್‌ನಲ್ಲಿ 1 ಗಂಟೆ 11 ನಿಮಿಷ. ಅಂದರೆ ಗಂಟೆಗೆ ಮೂರೂವರೆ ಕಿ.ಮೀ. ವ್ಯತ್ಯಾಸ. ರೋಡ್ ಬೈಕ್‌ನಲ್ಲಿ ಮೊಣಕೈ ಬಗ್ಗಿಸಿ ತಲೆ ತಗ್ಗಿಸಿದರೆ ಕಿವಿಯ ಪಕ್ಕದ ಗಾಳಿಯ ಸದ್ದೇ ಬದಲಾಗುತ್ತದೆ. ಅಂಗಿಯ ಪಟಪಟ ನಿಂತು ಟೈರಿನ ಗುಂಯ್ ಕೇಳಿಸುತ್ತದೆ. ಅದೊಂದು ಸುಖ. ಅದನ್ನು ಇಲ್ಲ ಅನ್ನುವುದಿಲ್ಲ. ಆ ಸುಖಕ್ಕಾಗಿಯೇ ರೋಡ್ ಬೈಕ್ ಇಟ್ಟುಕೊಂಡಿದ್ದೇನೆ.

ಈಗ ಮೈ ಇಳಿಯುವ ಮಾತು. ಆ ಎರಡು ಭಾನುವಾರಗಳನ್ನೇ ನೋಡಿ. ಎದೆಬಡಿತ ಒಂದೇ, ಅಂದರೆ ಶ್ರಮ ಹೆಚ್ಚುಕಮ್ಮಿ ಒಂದೇ. ಹೈಬ್ರಿಡ್ ಹನ್ನೊಂದು ನಿಮಿಷ ಜಾಸ್ತಿ ದುಡಿಸಿತು. ಗೆಳೆಯರಿಗಿಂತ ಮುಂದೆ ಹೋಗಬೇಕು ಅನ್ನುವವನಿಗೆ ಅದು ನಷ್ಟ. ಸಕ್ಕರೆ ಇಳಿಸಬೇಕಾದವನಿಗೆ ನಷ್ಟವೇ ಅಲ್ಲ. ನೀವು ಲೆಕ್ಕ ಇಡಬೇಕಾದ್ದು ಕಿಲೋಮೀಟರ್ ಅಲ್ಲ, ನಿಮಿಷ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಧಾರಣ ಶ್ರಮ ಅಂದರೆ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನೀವು ವಾರದಲ್ಲಿ ನಾಲ್ಕು ದಿನ 40 ನಿಮಿಷ, ಭಾನುವಾರ ಎರಡು ಗಂಟೆ ತುಳಿದರೆ 280 ಆಯಿತು. ಅಷ್ಟು ಸಾಕು. ಆದರೆ ರೈಡ್ ಮುಗಿಸಿ ಎರಡು ಮಸಾಲೆ ದೋಸೆ, ಸಕ್ಕರೆ ಹಾಕಿದ ಕಾಫಿ ಅಂತ ಕೂತರೆ ತುಳಿದದ್ದೆಲ್ಲ ಅಲ್ಲೇ ವಾಪಸ್ ಬರುತ್ತದೆ. ಇದನ್ನು ಕೋಪದಿಂದ ಹೇಳುತ್ತಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ತುಳಿದೂ ಹೊಟ್ಟೆ ಕರಗಲಿಲ್ಲ ಅಂತ ಬೇಸರ ಮಾಡಿಕೊಂಡು ಬಿಟ್ಟದ್ದನ್ನು ಕಂಡಿದ್ದೇನೆ.

ಇನ್ನು ನಿಮ್ಮ ಸೊಂಟ. ಬಾಗಿ ತುಳಿಯುವುದು ಸೊಂಟಕ್ಕೆ ಕೆಟ್ಟದ್ದು ಅಂತಲ್ಲ. ಅಳತೆ ಸರಿಯಿದ್ದು, ಬೆನ್ನು ಹೊಟ್ಟೆಯ ಸ್ನಾಯುಗಳು ಗಟ್ಟಿಯಿದ್ದರೆ ಗಂಟೆಗಟ್ಟಲೆ ತುಳಿಯಬಹುದು. ಆದರೆ 86 ಕೆ.ಜಿ.ಯಲ್ಲಿ, ಹೊಟ್ಟೆ ಮುಂದಿರುವಾಗ, ಆಗಾಗ ಹಿಡಿಯುವ ಸೊಂಟದ ಜೊತೆ ಶುರುವಿಗೇ ಅಷ್ಟು ಬಾಗುವುದು ಕಷ್ಟ. ಅಳತೆ ತಪ್ಪಿದರಂತೂ ಪಾಡು ಬೇರೆ. ನನ್ನ ಮೊದಲ ರೋಡ್ ಬೈಕ್ ಕತೆ ಹೇಳುತ್ತೇನೆ. ನನ್ನ ಎತ್ತರ 5 ಅಡಿ 5. ನನಗೆ ಬೇಕಿದ್ದದ್ದು 52 ಸೆಂ.ಮೀ. ಅಳತೆಯ ಫ್ರೇಮು. ಅಂಗಡಿಯಲ್ಲಿ ಇದ್ದದ್ದು 56. 'ಸೀಟು ಇಳಿಸಿದರೆ ಸರಿಹೋಗುತ್ತೆ ಸರ್' ಅಂದರು, ನಂಬಿದೆ. ಸೀಟು ಇಳಿಯಿತು, ಆದರೆ ಹ್ಯಾಂಡಲ್ ದೂರವೇ ಉಳಿಯಿತಲ್ಲ! ಮೈಯ ಭಾರವೆಲ್ಲ ಅಂಗೈಗೆ ಬಿತ್ತು. ಮೂರನೇ ವಾರಕ್ಕೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯಲು ಶುರುವಾಯಿತು. ಒಂದು ಸೋಮವಾರ ಶಾಲೆಗೆ ಹೊರಟಾಗ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಬೆರಳಿಗೆ ಗುಂಡಿ ಸಿಗುತ್ತಿದೆ, ಆದರೆ ಸಿಕ್ಕಿದೆ ಅಂತ ಗೊತ್ತಾಗುತ್ತಿಲ್ಲ. ಮನೆಯವರು ಗುಂಡಿ ಹಾಕಿ ಕಳಿಸಿದರು. ಆ ಸೈಕಲ್ಲನ್ನು ಅರ್ಧ ಬೆಲೆಗೆ ಕೊಡಬೇಕಾಯಿತು. ಹಾಗಾಗಿ ಯಾವುದೇ ಸೈಕಲ್ಲಾದರೂ ಅಳತೆ ನೋಡದೆ ದುಡ್ಡು ಕೊಡಬೇಡಿ. ನಿಮ್ಮ ಅಳತೆ ಇಲ್ಲ ಅಂದರೆ ತರಿಸಿಕೊಡಿ ಅನ್ನಿ, ಒಂದು ತಿಂಗಳಾದರೂ ಕಾಯಿರಿ.

ಕೊನೆಗೆ ರಸ್ತೆ. ವಾರದಲ್ಲಿ ನಾಲ್ಕು ದಿನ ನೀವು ತುಳಿಯುವುದು ನಾಲೆ ಏರಿಯ ಮೇಲೆ. ಅಲ್ಲಿ ಜಲ್ಲಿ, ಮಣ್ಣು, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರದ ಗುಂಡಿ. ರೋಡ್ ಬೈಕ್‌ನ 25 ಅಥವಾ 28 ಮಿ.ಮೀ. ಟೈರು ಅಲ್ಲಿ ನಡೆಯುವುದೇ ಕಷ್ಟ. ಭಾನುವಾರದ ದಾರಿಯೂ ನುಣುಪಾಗಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಸೈಕಲ್ ಹೋಗುವಂತಿಲ್ಲ, ನಾವೆಲ್ಲ ಸರ್ವಿಸ್ ರಸ್ತೆಯವರು. ಅಲ್ಲಿ ಬಣ್ಣ ಬಳಿಯದ ಹಂಪು, ಚರಂಡಿಯ ಕಬ್ಬಿಣದ ಜಾಲರಿ. ಕಬ್ಬಿನ ಕಾಲದಲ್ಲಿ ಟ್ರಾಲಿಯಿಂದ ಬಿದ್ದ ಜಲ್ಲೆಗಳು ಬೇರೆ. ಜಲ್ಲೆಯ ಮೇಲೆ ಸಪೂರ ಟೈರು ಹತ್ತಿದರೆ ಅದು ಉರುಳುತ್ತದೆ, ನೀವೂ ಉರುಳುತ್ತೀರಿ.

ಹಾಗಾಗಿ ನನ್ನ ಮಾತು: ನೀವು ಹೈಬ್ರಿಡ್ ತಗೊಳ್ಳಿ. ಈ ವರ್ಷಕ್ಕೆ ಅದೇ ಸರಿ. ಆದರೆ ಅಂಗಡಿಯವರು ತೋರಿಸಿದ ಯಾವುದೋ ಒಂದನ್ನಲ್ಲ. ಮುಂದಿನ ಚಕ್ರ ಹಿಡಿದಿರುವ ಕವಲಿಗೆ ಫೋರ್ಕ್ ಅಂತಾರೆ, ಸ್ಪ್ರಿಂಗ್ ಇರುವ ಫೋರ್ಕ್ ಬೇಡ. ಕಡಿಮೆ ಬೆಲೆಯ ಸಸ್ಪೆನ್ಷನ್ ಸುಮ್ನೆ ಭಾರ. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿಯನ್ನು ಅದೇ ಕುಡಿಯುತ್ತದೆ. ಗಟ್ಟಿ ಫೋರ್ಕ್ ಕೇಳಿ. ಟೈರು 35 ಮಿ.ಮೀ. ಆಸುಪಾಸು, ಮೇಲೆ ಗಂಟುಗಂಟು ಇರದ ನುಣುಪು ಟೈರು. ಈಗಿನ ಸೈಕಲ್ಲಿನ ದಪ್ಪ ಗಂಟು ಟೈರು ಬಿಟ್ಟು ಇದಕ್ಕೆ ಬಂದರೇ ಗಂಟೆಗೆ ಎರಡು ಮೂರು ಕಿ.ಮೀ. ವೇಗ ಬರುತ್ತದೆ. ಗಾಳಿಯ ಒತ್ತಡ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ವಾರಕ್ಕೊಮ್ಮೆ ಪಂಪಿನ ಮೀಟರ್ ನೋಡಿ ಹೊಡೆಯಿರಿ. ಬೆರಳಲ್ಲಿ ಒತ್ತಿ ನೋಡಿ 'ಇದೆ' ಅನ್ನುವುದು ಸಾಲದು.

ಮೇಲುಕೋಟೆಗೂ ಇದೇ ಒಳ್ಳೆಯದು. ಮುಂದೆ ಮೂರು ಹಲ್ಲುಚಕ್ರ ಇರುವ ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ ಚಿಕ್ಕದು 28 ಹಲ್ಲು, ಹಿಂದಿನ ದೊಡ್ಡದು 32. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತೂ ತುಂಬುವುದಿಲ್ಲ. ಹಗುರ. ರೋಡ್ ಬೈಕ್‌ನಲ್ಲಿ ಮುಂದೆ 34, ಹಿಂದೆ 28 ಇದ್ದರೆ ಚಕ್ರ ಸುಮಾರು ಒಂದೂಕಾಲು ಸುತ್ತು ಬರುತ್ತದೆ. ಕಡಿದಾದ ಕಡೆ ಆ ವ್ಯತ್ಯಾಸ ಮಂಡಿಗೆ ಗೊತ್ತಾಗುತ್ತದೆ.

ಭಾನುವಾರ ಗೆಳೆಯರನ್ನು ಹಿಡಿಯುವುದು ಹೇಗೆ ಅಂತೀರಾ? ಅವರ ಹಿಂದೆ ಸೇರಿಕೊಳ್ಳಿ. ಮುಂದಿನವರ ಬೆನ್ನ ಹಿಂದೆ ಹತ್ತಿರದಲ್ಲಿ ಹೋದರೆ ಸುಮಾರು ಕಾಲು ಭಾಗ ಶ್ರಮ ಉಳಿಯುತ್ತದೆ. ಶುರುವಿನಲ್ಲಿ ಒಂದೂವರೆ ಮೀಟರ್ ಬಿಟ್ಟು ಅಭ್ಯಾಸ ಮಾಡಿ, ಕೈ ಬ್ರೇಕಿನ ಮೇಲಿರಲಿ, ಗುಂಡಿ ಬಂದರೆ ಕೈ ತೋರಿಸಿ ಅಂತ ಅವರಿಗೆ ಹೇಳಿಡಿ. ಲಾರಿ, ಟ್ರ್ಯಾಕ್ಟರ್ ಹಿಂದೆ ಮಾತ್ರ ಹೀಗೆ ಹೋಗಬೇಡಿ. ಗೆಳೆಯರು ಗಂಟೆಗೆ 24–25 ಕಿ.ಮೀ.ನಲ್ಲಿ ಹೋಗಲು ಒಪ್ಪಿದರೆ ನೀವು ಶ್ರೀರಂಗಪಟ್ಟಣದ ತನಕ ಜೊತೆಯಲ್ಲೇ ಇರುತ್ತೀರಿ. ಒಪ್ಪುತ್ತಾರೆ ಬಿಡಿ, ಗೆಳೆಯರಲ್ಲವಾ?

ವರ್ಷ ಕಳೆದು ತೂಕ 78ಕ್ಕೆ ಬಂದು, ಸೊಂಟ ಸುಮ್ಮನಿದ್ದು, ಆಗಲೂ ವೇಗದ ಆಸೆ ಇದ್ದರೆ ನನಗೆ ಮತ್ತೆ ಬರೆಯಿರಿ. ಆಗ ರೋಡ್ ಬೈಕ್ ಬಗ್ಗೆ ಖುಷಿಯಿಂದ ಮಾತಾಡೋಣ.

ಪ್ರಶ್ನೆ: ನನಗೆ 51. ಎರಡು ತಿಂಗಳ ಹಿಂದೆ ಮಗಳು ಹೈಬ್ರಿಡ್ ಸೈಕಲ್ ಕೊಡಿಸಿದಳು. ತುಳಿದು ಬಂದ ಮೇಲೆ ಮಂಡಿಯ ಮುಂಭಾಗ ನೋಯುತ್ತದೆ. ಈ ವಯಸ್ಸಿಗೆ ಸೈಕಲ್ ಬೇಡವಾ?
(ಓದುಗರು, ಶಿವಮೊಗ್ಗ)

ಉತ್ತರ: ಬೇಕು ಅಕ್ಕಾ, ಖಂಡಿತ ಬೇಕು. ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ ತಾನೆ? ನಮ್ಮ ಮನೆಯವರೂ ಹಾಗೇ ಇಟ್ಟುಕೊಂಡಿದ್ದರು, ಬೀಳುವ ಭಯಕ್ಕೆ. ಸೀಟು ಅಷ್ಟು ಕೆಳಗಿದ್ದರೆ ಮಂಡಿ ಪ್ರತಿ ಸುತ್ತಿಗೂ ಅತಿಯಾಗಿ ಮಡಚುತ್ತದೆ, ಭಾರವೆಲ್ಲ ಮಂಡಿಚಿಪ್ಪಿಗೆ. ಗೋಡೆಗೆ ಒರಗಿ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತನ್ನಿ. ಕಾಲು ನೆಟ್ಟಗಾಗಬೇಕು. ಆಗುವ ತನಕ ಸೀಟು ಏರಿಸಿ. ಆದರೆ ಒಂದೇ ದಿನಕ್ಕಲ್ಲ, ಎರಡು ದಿನಕ್ಕೊಮ್ಮೆ ಒಂದು ಬೆರಳಿನಷ್ಟು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುವುದನ್ನು ಮೈದಾನದಲ್ಲಿ ಕಲಿಯಿರಿ. ಗೇರು ಹಗುರದ್ದೇ ಇರಲಿ, ಕಾಲು ಬೇಗ ಬೇಗ ಸುತ್ತಲಿ. ಮಂಡಿ ಊದಿಕೊಂಡರೆ ಅಥವಾ ಮೂರು ವಾರವಾದರೂ ನೋವು ಹೋಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನ್ನ ಹೈಬ್ರಿಡ್‌ಗೆ ರೋಡ್ ಬೈಕ್‌ನ ಬಾಗಿದ ಹ್ಯಾಂಡಲ್ ಹಾಕಿಸಿದರೆ ರೋಡ್ ಬೈಕ್ ಆಗುತ್ತಾ?
(ಓದುಗರು, ತುಮಕೂರು)

ಉತ್ತರ: ಆಗುವುದಿಲ್ಲ. ಬ್ರೇಕ್ ಹಿಡಿ, ಗೇರ್ ಶಿಫ್ಟರ್ ಎಲ್ಲ ಬದಲಾಯಿಸಬೇಕು, ಕೇಬಲ್ ಎಳೆತ ಹೊಂದದೆ ಬ್ರೇಕೂ ಬದಲಾಯಿಸಬೇಕಾಗಬಹುದು. ಹೈಬ್ರಿಡ್ ಫ್ರೇಮ್ ನೇರ ಹ್ಯಾಂಡಲ್‌ಗೆ ಅಂತ ಉದ್ದ ಮಾಡಿರುತ್ತಾರೆ. ಅದರ ಮೇಲೆ ಬಾಗಿದ ಹ್ಯಾಂಡಲ್ ಹಾಕಿದರೆ ಕೈ ಇನ್ನೂ ದೂರ ಹೋಗುತ್ತದೆ, ನನ್ನ ಬೆರಳಿಗೆ ಆದದ್ದೇ ನಿಮಗೂ ಆಗುತ್ತದೆ. ಆ ದುಡ್ಡಲ್ಲಿ ಒಳ್ಳೆಯ 32 ಮಿ.ಮೀ. ಟೈರು ಹಾಕಿಸಿ. ಅದಕ್ಕೆ ಮೊದಲು ನಿಮ್ಮ ರಿಮ್ಮಿಗೆ ಹೊಂದುತ್ತದಾ ಕೇಳಿಕೊಳ್ಳಿ. ಹ್ಯಾಂಡಲ್ ಕೆಳಗಿರುವ ಉಂಗುರಗಳಲ್ಲಿ ಒಂದೆರಡನ್ನು ಮೇಲಕ್ಕೆ ಹಾಕಿಸಿದರೆ ಹ್ಯಾಂಡಲ್ ಸ್ವಲ್ಪ ತಗ್ಗುತ್ತದೆ. ಅಷ್ಟು ಸಾಕು.

ಪ್ರಶ್ನೆ: ಮಗಳಿಗೆ 14. ಶಾಲೆಗೆ ಎಂಟು ಕಿ.ಮೀ. ಸೈಕಲ್ ಮೇಲೇ ಹೋಗುತ್ತಾಳೆ. ರೇಸ್ ಹೊಡೀತೀನಿ ಅಂತಾಳೆ. ಹೈಬ್ರಿಡ್ ಕೊಡಿಸಿದರೆ ಶಾಲೆಗೂ ಆಯಿತು, ರೇಸಿಗೂ ಆಯಿತು ಅಂತ ನನ್ನ ಲೆಕ್ಕ. ಸರೀನಾ ಸರ್?
(ಓದುಗರು, ಬಾಗಲಕೋಟೆ)

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ವಿಜಯಪುರ, ಬಾಗಲಕೋಟೆ ಅಂದರೆ ನಮ್ಮ ರಾಜ್ಯದ ಸೈಕಲ್ ಸೀಮೆ. ಕರ್ನಾಟಕಕ್ಕೆ ರಾಷ್ಟ್ರೀಯ ಪದಕ ತಂದ ಸವಾರರಲ್ಲಿ ಎಷ್ಟೋ ಜನ ನಿಮ್ಮ ಕಡೆಯ ಹಳ್ಳಿ ಮಕ್ಕಳು.

ಆದರೆ ಲೆಕ್ಕ ಸರಿಯಿಲ್ಲ. ರೋಡ್ ರೇಸಿಗೆ ರೋಡ್ ಬೈಕೇ ಬೇಕು, ಹೈಬ್ರಿಡ್ ನಡೆಯುವುದಿಲ್ಲ. ಗುಂಪಿನಲ್ಲಿ ಭುಜಕ್ಕೆ ಭುಜ ತಾಗಿಸಿ ಓಡಿಸುವಾಗ ಅಗಲ ಹ್ಯಾಂಡಲ್ ಪಕ್ಕದವರಿಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಪಡುವಣ ಗಾಳಿ ಬೀಸುತ್ತದಲ್ಲ, ಆ ಎದುರುಗಾಳಿಯಲ್ಲಿ ಬಾಗಿ ತುಳಿಯಲು ಬಾರದವರು ಮೊದಲ ಹತ್ತು ಕಿ.ಮೀ.ಗೇ ಹಿಂದೆ ಬೀಳುತ್ತಾರೆ. ಆ ಬಾಗುವಿಕೆಯನ್ನು ಮೈ 14ರಲ್ಲಿ ಕಲಿತಷ್ಟು ಸಲೀಸಾಗಿ 20ರಲ್ಲಿ ಕಲಿಯುವುದಿಲ್ಲ.

ಹಾಗಂತ ನಾಳೆಯೇ ಹೊಸದು ತರಬೇಡಿ. ಅವಳು ಇನ್ನೂ ಬೆಳೆಯುತ್ತಾಳೆ. ಇವತ್ತಿನ ಅಳತೆ ಎರಡು ವರ್ಷಕ್ಕೆ ಚಿಕ್ಕದಾಗುತ್ತದೆ. ಮೊದಲು ಜಿಲ್ಲಾ ಕ್ರೀಡಾ ಇಲಾಖೆಗೆ ಹೋಗಿ ಕ್ರೀಡಾ ನಿಲಯದ ಸೈಕ್ಲಿಂಗ್ ಆಯ್ಕೆ ಯಾವಾಗ ಅಂತ ಕೇಳಿ. ಆಯ್ಕೆಯಾದರೆ ಯಾವ ಸೈಕಲ್ ಬೇಕು ಅಂತ ಕೋಚೇ ಹೇಳುತ್ತಾರೆ. ಆಗದಿದ್ದರೆ ಎತ್ತರ ಬೆಳೆದ ಹಿರಿಯ ಮಕ್ಕಳು ಬಿಟ್ಟ ಹಳೇ ರೋಡ್ ಬೈಕ್ ನಿಮ್ಮ ಕಡೆ ಸಿಗುತ್ತದೆ. ಕೊಳ್ಳುವಾಗ ಫ್ರೇಮಿನ ಬೆಸುಗೆಯ ಜಾಗದಲ್ಲೆಲ್ಲ ಬಟ್ಟೆಯಿಂದ ಒರೆಸಿ, ಉಗುರಾಡಿಸಿ ಬಿರುಕು ಇದೆಯಾ ನೋಡಿ. ಚಕ್ರ ಎತ್ತಿ ತಿರುಗಿಸಿ, ರಿಮ್ ಔಟ್ ಆಗಿದೆಯಾ ನೋಡಿ. ಶಾಲೆಗೆ ಈಗಿರುವ ಸೈಕಲ್ಲೇ ಇರಲಿ. ಆ ಎಂಟು ಕಿ.ಮೀ.ಯೇ ಅವಳ ಕಾಲಿಗೆ ಇಷ್ಟು ದಿನ ಬಲ ಕೊಟ್ಟಿದ್ದು.

ಪ್ರಶ್ನೆ: ನನ್ನದು ಹೊಸ ರೋಡ್ ಬೈಕ್. ತಿಂಗಳಲ್ಲಿ ನಾಲ್ಕು ಸಲ ಪಂಕ್ಚರ್. ನಮ್ಮೂರ ಪಂಕ್ಚರ್ ಅಂಗಡಿಯವರು ಈ ಟ್ಯೂಬಿಗೆ ಗಾಳಿ ಹೊಡೆಯಲೂ ಆಗಲ್ಲ ಅಂತಾರೆ. ಹೈಬ್ರಿಡ್ ತಗೋಬೇಕಿತ್ತಾ?
(ಓದುಗರು, ಚಳ್ಳಕೆರೆ)

ಉತ್ತರ: ಸೈಕಲ್ಲಿನದಲ್ಲ ತಪ್ಪು, ಜಾಲಿ ಮುಳ್ಳಿನದು. ನಿಮ್ಮ ಕಡೆ ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿಯೇ ಅಲ್ವಾ? ಹೈಬ್ರಿಡ್ ಆಗಿದ್ದರೂ ಪಂಕ್ಚರ್ ಆಗುತ್ತಿತ್ತು, ಟೈರು ದಪ್ಪ ಇದ್ದದ್ದಕ್ಕೆ ನಾಲ್ಕರ ಜಾಗದಲ್ಲಿ ಎರಡು ಆಗುತ್ತಿತ್ತೇನೋ. ರಸ್ತೆಯ ತೀರಾ ಅಂಚು ಬಿಟ್ಟು ಟಾರಿನ ಮೇಲೇ ಒಂದು ಮಾರು ಒಳಗೆ ತುಳಿಯಿರಿ. ಮುಳ್ಳೆಲ್ಲ ಅಂಚಿನಲ್ಲೇ ಸೇರಿಕೊಂಡಿರುತ್ತದೆ. ಫ್ರೇಮಿನಲ್ಲಿ ಜಾಗ ಇದ್ದರೆ 28 ಮಿ.ಮೀ. ಅಗಲದ, ಒಳಗೆ ಮುಳ್ಳು ತಡೆಯುವ ಪಟ್ಟಿ ಇರುವ ಟೈರಿಗೆ ಬದಲಾಯಿಸಿ.

ಗಾಳಿಯ ವಿಷಯ: ನಿಮ್ಮ ಟ್ಯೂಬಿನ ಮೂತಿ ಸಪೂರದ್ದು, ಪ್ರೆಸ್ಟಾ ಅಂತಾರೆ. ಮೋಟಾರ್ ಬೈಕಿನ ಪಂಪು ಅದಕ್ಕೆ ಕೂರುವುದಿಲ್ಲ. ಮೂತಿಗೆ ಸಿಕ್ಕಿಸುವ ಹಿತ್ತಾಳೆಯ ಅಡಾಪ್ಟರ್ ಒಂದು ಸಿಗುತ್ತದೆ, ಬೆಲೆ ತೀರಾ ಕಡಿಮೆ. ಎರಡು ತಗೊಂಡು ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಡಿ, ಇನ್ನೊಂದನ್ನು ಪಂಕ್ಚರ್ ಅಂಗಡಿಯವರಿಗೇ ಕೊಟ್ಟುಬಿಡಿ. ಒಂದು ಟ್ಯೂಬು, ಟೈರು ಬಿಚ್ಚಲು ಎರಡು ಪ್ಲಾಸ್ಟಿಕ್ ಲಿವರ್, ಕೈಪಂಪು ಯಾವಾಗಲೂ ಜೊತೆಗಿರಲಿ.

ನಾಲ್ಕು ಸಲ ಅಂದಿರಲ್ಲ, ಅದರಲ್ಲಿ ಎರಡು ಸಲವಾದರೂ ಒಂದೇ ಮುಳ್ಳು ಇರಬೇಕು ಅಂತ ನನ್ನ ಅನುಮಾನ. ಜಾಲಿ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದುಬಿಡುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೊಸ ಟ್ಯೂಬ್ ಹಾಕಿದ ಮಾರನೇ ದಿನ ಅದನ್ನೂ ಚುಚ್ಚುತ್ತದೆ. ಹಳೇ ಟ್ಯೂಬಿಗೆ ಗಾಳಿ ತುಂಬಿ ತೂತು ಎಲ್ಲಿದೆ ನೋಡಿಕೊಳ್ಳಿ. ಮೂತಿಯಿಂದ ಅಷ್ಟೇ ದೂರದಲ್ಲಿ ಟೈರಿನ ಒಳಮೈ ಮೇಲೆ ಒಂದು ಹತ್ತಿಯ ಉಂಡೆ ಆಡಿಸಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಹುಬ್ಬು ಕೀಳುವ ಚಿಮಟದಿಂದ ಒಳಗಿನಿಂದಲೇ ಎಳೆದು ತೆಗೆಯಿರಿ.